ಫೈರ್ ಇಂಜಿನ್ ಬರುವುದರೊಳಗೆ

ಶಿವಮೊಗ್ಗ ಜಿಲ್ಲೆಯ ಆನಂದಪುರದಂಥ ಊರಿನಲ್ಲೂ ಈಗ ಎರಡು ಮೂರು ಅಂತಸ್ತಿನ ಕಟ್ಟಡ ಹೊಸದಲ್ಲ. ಕೆಳಗೆ ನಾಲ್ಕಾರು ಅಂಗಡಿ, ಮೊದಲ ಮಹಡಿಯಲ್ಲಿ ಸೊಸೈಟಿಯೋ ಕ್ಲಿನಿಕ್ಕೋ ಟೈಲರಿಂಗ್ ಕ್ಲಾಸೋ, ಅದರ ಮೇಲೆ ಬಾಡಿಗೆ ಮನೆಗಳು. ಮೆಟ್ಟಿಲು ಮಾತ್ರ ಒಂದೇ. ಅದರ ಕೆಳಗೆ ಎಲ್ಲರ ಕರೆಂಟ್ ಮೀಟರುಗಳು ಸಾಲಾಗಿ ಕೂತಿರುತ್ತವೆ. ಮೀಟರುಗಳ ಬುಡದಲ್ಲಿ ಎರಡು ಬೈಕು, ಒಂದು ಹಳೆಯ ಇನ್ವರ್ಟರ್ ಬ್ಯಾಟರಿ, ಅಂಗಡಿಯವರು ಆಮೇಲೆ ನೋಡಿಕೊಳ್ಳೋಣ ಎಂದು ತುರುಕಿದ ರಟ್ಟಿನ ಪೆಟ್ಟಿಗೆಗಳು. ತಾರಸಿಯ ಬಾಗಿಲಿಗೆ ಬೀಗ, ಅದರ ಕೀಲಿ ಓನರ್ ಮನೆಯಲ್ಲಿ. ಬೆಂಕಿ ಹತ್ತುವ ಸಾಧ್ಯತೆ ಎಲ್ಲಿ ಹೆಚ್ಚೋ ಅಲ್ಲಿಂದಲೇ ಎಲ್ಲರೂ ಹೊರಗೆ ಹೋಗಬೇಕು. ಸಾಗರ, ಹೊಸನಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಎಲ್ಲಿ ನೋಡಿದರೂ ಇಂಥ ಕಟ್ಟಡ ಸಿಗುತ್ತದೆ.

ಇನ್ನೊಂದು ಲೆಕ್ಕವನ್ನೂ ಮೊದಲೇ ಹಾಕಿಬಿಡೋಣ. ಆನಂದಪುರಕ್ಕೆ ಅಗ್ನಿಶಾಮಕ ವಾಹನ ಸಾಗರದಿಂದ ಬರಬೇಕು. ದಾರಿ 25 ಕಿಲೋಮೀಟರ್ ಆಸುಪಾಸು. ಫೋನು ಹೋಗಿ, ಸಿಬ್ಬಂದಿ ಹೊರಟು, ತಿರುವು ರಸ್ತೆಯಲ್ಲಿ ನೀರು ತುಂಬಿದ ಲಾರಿ ಬಂದು ನಿಲ್ಲುವ ಹೊತ್ತಿಗೆ ಅರ್ಧ ಗಂಟೆ ಎಂದಿಟ್ಟುಕೊಂಡರೆ ತಪ್ಪಾಗಲಾರದು. ತೀರ್ಥಹಳ್ಳಿಯ ಆಗುಂಬೆ ಕಡೆಯವರದ್ದೂ ಹೊಸನಗರದ ನಿಟ್ಟೂರು ಕಡೆಯವರದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಅಷ್ಟರೊಳಗೆ ಕಟ್ಟಡದಲ್ಲಿರುವವರೆಲ್ಲ ಹೊರಗೆ ಬಂದಿರಬೇಕು, ಯಾರು ಬಂದಿಲ್ಲ ಎಂಬುದು ಗೊತ್ತಾಗಿರಬೇಕು. ಇದನ್ನು ಇಲಾಖೆ ಮಾಡಿಕೊಡಲು ಆಗುವುದಿಲ್ಲ. ಅಲ್ಲಿ ಬಾಳುವವರೇ ಕಲಿತಿರಬೇಕು. ಫೈರ್ ಡ್ರಿಲ್ ಬೇಕಾಗುವುದು ಇದಕ್ಕೆ.

ಕರ್ನಾಟಕಕ್ಕೆ ಈ ಪಾಠ ಕಲಿಸಿದ್ದು ಬೆಂಗಳೂರಿನ ಹಳೆ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. 2010ರ ಫೆಬ್ರುವರಿ 23ರ ಮಧ್ಯಾಹ್ನದ ಮೇಲೆ ಆ ಏಳು ಅಂತಸ್ತಿನ ಕಚೇರಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳು ಹಾಯುವ ಕೊಳವೆದಾರಿಯಲ್ಲಿ ಬೆಂಕಿ ಹುಟ್ಟಿತು. ಬೆಂಕಿ ದೊಡ್ಡದಾಗಿರಲಿಲ್ಲ, ದೊಡ್ಡದಾಗಿದ್ದು ಹೊಗೆ. ಅದೇ ಕೊಳವೆದಾರಿ ಹಿಡಿದು ಮೇಲಿನ ಮಹಡಿಗಳಿಗೆ ಹೊಗೆ ಏರಿತು, ಮೆಟ್ಟಿಲುಗಳಲ್ಲಿ ತುಂಬಿಕೊಂಡಿತು. ಇಳಿಯಲಾಗದವರು ಕಿಟಕಿಯ ಗಾಜು ಒಡೆದರು, ಕೆಲವರು ಅಲ್ಲಿಂದಲೇ ಜಿಗಿದರು. ಒಂಬತ್ತು ಜನ ಸತ್ತರು. ತುರ್ತು ದಾರಿಗಳು ಮುಚ್ಚಿದ್ದವು, ಬೀಗ ಬಿದ್ದಿದ್ದವು ಎಂಬುದು ಆಮೇಲೆ ಹೊರಬಿತ್ತು. ಮಡಿದವರ ಮನೆಯವರು ಮತ್ತು ಬದುಕುಳಿದವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ ಅಂದಿನಿಂದ ಅಗ್ನಿ ಸುರಕ್ಷತೆಯ ಮಾತಾಡುತ್ತಲೇ ಬಂದಿದ್ದಾರೆ. ಆ ಬೀಗಗಳನ್ನು ಹಿಂದಿನ ವಾರ ಯಾರಾದರೂ ಒಮ್ಮೆ ಎಳೆದು ನೋಡಿದ್ದರೆ? ನನ್ನ ಮಟ್ಟಿಗೆ ಡ್ರಿಲ್ ಎಂದರೆ ಮೊದಲು ಇಷ್ಟೇ: ಬೀಗ ಎಳೆದು ನೋಡುವುದು.

ನಮ್ಮಲ್ಲಿ ಡ್ರಿಲ್ ಎಂದರೆ ಜನಕ್ಕೆ ಹೊಳೆಯುವುದು ಬೇರೆ. ಶಾಲೆಯ ಮೈದಾನಕ್ಕೆ ಕೆಂಪು ಗಾಡಿ ಬರುತ್ತದೆ, ಒಂದು ಡ್ರಮ್ಮಿನಲ್ಲಿ ಬೆಂಕಿ ಹಚ್ಚಿ ನೊರೆ ಹಾರಿಸಿ ಆರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ. ಈ ಅಣಕು ಪ್ರದರ್ಶನ ಬೇಡವೆಂದಲ್ಲ. ಏಪ್ರಿಲ್ 14ರಿಂದ 20ರವರೆಗೆ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಇಲಾಖೆಯವರು ಇದನ್ನು ಶ್ರದ್ಧೆಯಿಂದ ಮಾಡುತ್ತಾರೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು ಪ್ರಾಣ ಬಿಟ್ಟ ಅಗ್ನಿಶಾಮಕರ ನೆನಪಿನ ವಾರವದು. ಠಾಣೆಗೆ ಒಂದು ಪತ್ರ ಬರೆದು ಆ ವಾರ ನಿಮ್ಮ ಕಟ್ಟಡಕ್ಕೂ ಬನ್ನಿ ಎಂದು ಕೇಳಿಕೊಳ್ಳುವುದು ಒಳ್ಳೆಯದೇ. ಆದರೆ ಬೇರೆಯವರು ಬೆಂಕಿ ಆರಿಸುವುದನ್ನು ನೋಡಿದ ಮಾತ್ರಕ್ಕೆ ಮೇಲಿನ ಮಹಡಿಯ ಅಜ್ಜಿ ಕೆಳಗಿಳಿಯುವುದಿಲ್ಲ. ಅವರನ್ನು ಇಳಿಸಿಯೇ ನೋಡಬೇಕು.

ಶುರು ಯಾರು ಮಾಡಬೇಕು? ದೊಡ್ಡ ಊರಿನ ಅಪಾರ್ಟ್‌ಮೆಂಟಿಗೆ ಸಂಘ ಇರುತ್ತದೆ. ನಮ್ಮ ಕಾಂಪ್ಲೆಕ್ಸುಗಳಿಗೆ ಇರುವುದು ಬಾಡಿಗೆ ಕೇಳುವ ಓನರ್ ಒಬ್ಬರು ಮಾತ್ರ. ಅವರನ್ನೇ ಹಿಡಿಯಿರಿ. ಆಗದಿದ್ದರೆ ಕಟ್ಟಡದಲ್ಲಿ ಬೆಳಗಿನಿಂದ ರಾತ್ರಿವರೆಗೆ ಇರುವ ಅಂಗಡಿಯವರೊಬ್ಬರು ಮುಂದೆ ನಿಂತರೂ ಸಾಕು. “ನಮ್ಮ ಬಿಲ್ಡಿಂಗಿಗೆ ಬೆಂಕಿ ಎಲ್ಲಿಂದ ಬರ್ತದೆ ಮಾರಾಯ್ರೆ” ಎಂದು ಒಬ್ಬರು ನಗುತ್ತಾರೆ. ಇಲ್ಲದ್ದನ್ನು ಯಾಕೆ ಕರೆಯುವುದು, ಅಪಶಕುನ ಎಂದು ಇನ್ನೊಬ್ಬರು ಗೊಣಗುತ್ತಾರೆ. ಇಬ್ಬರ ಜತೆಯೂ ವಾದ ಬೇಡ. ಅವರಿಗೇ ಒಂದು ಕೆಲಸ ವಹಿಸಿ.

ಡ್ರಿಲ್‌ಗೆ ಒಂದು ವಾರ ಮೊದಲು ಮೂರು ನಾಲ್ಕು ಜನ ಸೇರಿ ಕಟ್ಟಡವನ್ನು ಮೇಲಿನಿಂದ ಕೆಳಗೆ ನಡೆದು ನೋಡಬೇಕು. ತಾರಸಿಯ ಬಾಗಿಲು ತೆರೆಯುತ್ತದೆಯೇ? ಕೀಲಿ ಎಲ್ಲಿದೆ? ತಾರಸಿಯಿಂದ ಪಕ್ಕದ ಕಟ್ಟಡಕ್ಕೆ ದಾಟಬಹುದೇ? ಮೇನ್ ಸ್ವಿಚ್ ಯಾವುದು, ಯಾವ ಮೀಟರು ಯಾರದ್ದು ಎಂದು ಬರೆದಿದೆಯೇ? ಮೆಟ್ಟಿಲಿನ ಕೆಳಗಿರುವ ಬೈಕು, ಬ್ಯಾಟರಿ, ರಟ್ಟುಗಳನ್ನು ಅಂದೇ ತೆಗೆಸಿ. ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರನ್ನಂತೂ ಅಲ್ಲಿ ಬಿಡಲೇಬಾರದು. ಮಳೆಗಾಲವಾದರೆ ಮೆಟ್ಟಿಲ ತಿರುವಿನಲ್ಲಿ ಇನ್ನೊಂದು ರಾಶಿ ಬೆಳೆದಿರುತ್ತದೆ: ಒದ್ದೆ ಕೊಡೆ, ರೇನ್‌ಕೋಟು, ಚಪ್ಪಲಿ, ಮೂಲೆಯಲ್ಲಿ ಒಣಗದ ಗೋಣಿಚೀಲ. ಹೊಗೆಯಲ್ಲಿ ತಡವಿಕೊಂಡು ಇಳಿಯುವವರು ಎಡವಿ ಬೀಳುವುದು ಇಂಥವಕ್ಕೇ. ಒಬ್ಬರು ಬಿದ್ದರೆ ಹಿಂದಿನವರ ದಾರಿಯೂ ನಿಲ್ಲುತ್ತದೆ.

ಕಿಟಕಿಗಳ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಮಲೆನಾಡಿನಲ್ಲಿ ಗ್ರಿಲ್ ಹಾಕಿಸುವುದು ಕಳ್ಳರಿಗಿಂತ ಹೆಚ್ಚಾಗಿ ಮಂಗಗಳಿಗೆ. ಹಿಂದಿನ ಬಾಲ್ಕನಿಯನ್ನು ಪೂರ್ತಿ ಕಬ್ಬಿಣದ ಪಂಜರ ಮಾಡಿಸಿದ ಮನೆಗಳು ಬೇಕಾದಷ್ಟಿವೆ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದಕ್ಕೆ ಬೆಂಕಿ ಬಿದ್ದಾಗ ತಾಯಿ, ಮಗಳು ಇಬ್ಬರೂ ಸತ್ತರು. ಬಾಲ್ಕನಿಗೆ ಗ್ರಿಲ್ ಇದ್ದುದರಿಂದ ಹೊರಬರಲಾಗದೆ ಸಿಕ್ಕಿಕೊಂಡವರನ್ನು ಕೆಳಗೆ ನಿಂತ ಜನ ನೋಡಬೇಕಾಯಿತು. ಗ್ರಿಲ್ ಕೀಳಿಸಿ ಎಂದರೆ ಯಾರೂ ಕೇಳುವುದಿಲ್ಲ, ಮಂಗಗಳೂ ಕೇಳುವುದಿಲ್ಲ. ಪ್ರತಿ ಮನೆಯಲ್ಲೂ ಒಂದು ಕಿಟಕಿಯ ಅಥವಾ ಬಾಲ್ಕನಿಯ ಗ್ರಿಲ್ಲಿಗೆ ಒಬ್ಬರು ನುಸುಳುವಷ್ಟು ಅಗಲದ, ಒಳಗಿನಿಂದ ಚಿಲಕ ತೆಗೆಯುವ ಬಾಗಿಲು ಮಾಡಿಸಿದರೆ ಸಾಕು. ಊರಿನ ವೆಲ್ಡಿಂಗ್ ಅಂಗಡಿಯವರಿಗೆ ಅದು ದೊಡ್ಡ ಕೆಲಸವೇನಲ್ಲ. ಚಿಲಕಕ್ಕೆ ಬೀಗ ಹಾಕಲೇಬೇಕೆಂದರೆ ಕೀಲಿ ಪಕ್ಕದ ಗೋಡೆಯ ಮೊಳೆಗೇ ತೂಗಾಡುತ್ತಿರಲಿ. ಮಕ್ಕಳಿಗೆ ಎಟಕದಷ್ಟು ಎತ್ತರ, ದೊಡ್ಡವರಿಗೆ ಕತ್ತಲಲ್ಲೂ ಕೈಗೆ ಸಿಗುವಷ್ಟು ಹತ್ತಿರ.

ಮುಂದೆ ಎಚ್ಚರಿಕೆಯ ಸದ್ದು. ಸಣ್ಣ ಕಟ್ಟಡಗಳಲ್ಲಿ ಅಲಾರಂ ಇರುವುದಿಲ್ಲ. ಇದ್ದರೂ ಬ್ಯಾಟರಿ ಇಲ್ಲದ್ದಾದರೆ ಕರೆಂಟು ಹೋದ ದಿನ ಅದು ಮೂಗ. ಕರೆಂಟಿನ ಹಂಗಿಲ್ಲದ್ದು ಬೇಕು. ಜಾಗಟೆ ಇದಕ್ಕೆ ಹೇಳಿಮಾಡಿಸಿದ್ದು: ಸದ್ದು ದೂರ ಹೋಗುತ್ತದೆ, ಯಾರು ಬೇಕಾದರೂ ಬಾರಿಸಬಹುದು, ಮನೆ ಮನೆಯಲ್ಲೂ ಇದೆ. ಪೂಜೆಯದ್ದೆಂದು ಜನ ಸುಮ್ಮನಾಗದಿರಲು ಬಾರಿಸುವ ರೀತಿ ಮೊದಲೇ ಗೊತ್ತುಮಾಡಿ, ಬಿಡದೆ ಬಡಿಯುವುದು, ಜತೆಗೆ “ಬೆಂಕಿ, ಕೆಳಗಿಳೀರಿ” ಎಂದು ಕೂಗುವುದು. ಕೂಗು ಮುಖ್ಯ. ಸದ್ದು ಕೇಳಿದರೂ ಜನ ಕೂಡಲೇ ಏಳುವುದಿಲ್ಲ, ಪಕ್ಕದವರ ಮುಖ ನೋಡುತ್ತಾರೆ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿಬ್ ಲಾಟನೆ ಮತ್ತು ಜಾನ್ ಡಾರ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫಾರಂ ತುಂಬಲು ಕೂತವರ ಕೋಣೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಂಟಿಯಾಗಿ ಕೂತವರಲ್ಲಿ ನೂರಕ್ಕೆ 75 ಜನ ಎದ್ದು ಹೋಗಿ ಹೇಳಿದರು. ಏನೂ ಆಗಿಲ್ಲವೆಂಬಂತೆ ಕೂತಿರಲು ಮೊದಲೇ ಹೇಳಿಕೊಟ್ಟ ಇಬ್ಬರನ್ನು ಜತೆಗೆ ಕೂರಿಸಿದಾಗ ಎದ್ದವರು ನೂರಕ್ಕೆ 10 ಮಾತ್ರ. ಉಳಿದವರು ಹೊಗೆಯನ್ನು ಕೈಯಲ್ಲಿ ಬೀಸಿಕೊಳ್ಳುತ್ತ ಬರೆಯುತ್ತಲೇ ಇದ್ದರು. ಪಕ್ಕದವರು ಸುಮ್ಮನಿರುವುದನ್ನು ನೋಡಿ ಅಪಾಯವಿಲ್ಲ ಎಂದುಕೊಳ್ಳುತ್ತಾರೆ, ಅಷ್ಟೇ. ಆದ್ದರಿಂದ ಪ್ರತಿ ಮಹಡಿಗೂ ಒಬ್ಬರನ್ನು ನೇಮಿಸಿ. ಸದ್ದು ಕೇಳಿದೊಡನೆ ಎದ್ದು ಉಳಿದವರನ್ನು ಎಬ್ಬಿಸುವುದು ಅವರ ಕೆಲಸ. ಅವರು ಊರಿಗೆ ಹೋದ ದಿನಕ್ಕೆ ಇನ್ನೊಬ್ಬರಿರಲಿ.

ಕೆಳಗೆ ಇಬ್ಬರಿಗೆ ಬೇರೆ ಕೆಲಸ. ಒಬ್ಬರು ಮೇನ್ ಸ್ವಿಚ್ ತೆಗೆಯಬೇಕು. ಬೆಂಕಿ ಮೀಟರ್ ಬೋರ್ಡಿಗೇ ಹತ್ತಿದ್ದರೆ ಅದರ ಹತ್ತಿರ ಹೋಗುವಂತಿಲ್ಲ, ಮೆಸ್ಕಾಂಗೆ ಫೋನು ಮಾಡಿ ಲೈನೇ ತೆಗೆಸಬೇಕು. ಆ ನಂಬರು ಮೊಬೈಲಿನಲ್ಲಿ ಮೊದಲೇ ಇರಲಿ. ಇನ್ನೊಬ್ಬರು 101ಕ್ಕೋ 112ಕ್ಕೋ ಕರೆ ಮಾಡಬೇಕು. ಇದನ್ನೂ ಬಾಯಿಬಿಟ್ಟು ಅಭ್ಯಾಸ ಮಾಡಬೇಕು. ಕರೆ ಎತ್ತುವವರು ನಮ್ಮ ಊರಿನವರೇ ಆಗಿರಬೇಕಿಲ್ಲ. ಬರೀ “ಆನಂದಪುರ” ಎಂದರೆ ಯಾವ ಆನಂದಪುರ ಎಂದು ಕೇಳುತ್ತಾರೆ. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಆನಂದಪುರ, ಯಾವ ರಸ್ತೆ, ಯಾವುದರ ಎದುರು, ಎಷ್ಟನೇ ಮಹಡಿ, ಒಳಗೆ ಜನ ಇದ್ದಾರೆಯೇ, ಗ್ಯಾಸ್ ಸಿಲಿಂಡರ್ ಇದೆಯೇ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿ, ಡ್ರಿಲ್ ದಿನ ಫೋನು ಮಾಡದೆಯೇ ಗಟ್ಟಿಯಾಗಿ ಓದಿಸಿ. ನಮ್ಮ ಕಡೆ ಇನ್ನೊಂದು ತಾಪತ್ರಯವಿದೆ, ನೆಟ್‌ವರ್ಕ್. ಯಾವ ಸಿಮ್ ಎಲ್ಲಿ ನಿಂತರೆ ಸಿಗುತ್ತದೆ ಎಂಬುದು ಕಟ್ಟಡದವರಿಗೆ ಗೊತ್ತಿರಲೇಬೇಕು. ಡ್ರಿಲ್‌ಗೆ ಮೊದಲು ಊರಿನ ಪೊಲೀಸ್ ಠಾಣೆಗೂ ಅಗ್ನಿಶಾಮಕ ಠಾಣೆಗೂ ಒಂದು ಮಾತು ತಿಳಿಸಿಡಿ. ದಾರಿಹೋಕರು ಗಾಬರಿಯಿಂದ ಫೋನು ಮಾಡಿ ಸಾಗರದಿಂದ ಗಾಡಿ ಹೊರಟುಬಿಟ್ಟರೆ ಆಮೇಲೆ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ.

ಇನ್ನು ಇಳಿಯುವುದು. ಓಡುವಂತಿಲ್ಲ. ಗೋಡೆಯ ಕಡೆ ಕೈಯಿಟ್ಟು ಒಬ್ಬರ ಹಿಂದೆ ಒಬ್ಬರು. ಚೀಲ, ಒಡವೆ, ಚಾರ್ಜರಿಗೆ ತಿರುಗಿ ಹೋಗುವಂತಿಲ್ಲ. ಹೊರಡುವಾಗ ಬಾಗಿಲು ಎಳೆದುಕೊಳ್ಳಬೇಕು, ಬೀಗ ಹಾಕಬಾರದು. ಮುಚ್ಚಿದ ಬಾಗಿಲು ಹೊಗೆಯನ್ನೂ ಬೆಂಕಿಯನ್ನೂ ತುಂಬ ಹೊತ್ತು ತಡೆಯುತ್ತದೆ. ಹೊಗೆಯಿದ್ದರೆ ಬಗ್ಗಿ, ಇನ್ನೂ ದಟ್ಟವಾದರೆ ಮೊಣಕಾಲೂರಿ. ಒಳ್ಳೆಯ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಲಿಫ್ಟ್ ಇರುವ ಕಟ್ಟಡವಾದರೆ ಅದರ ಕಡೆ ತಿರುಗಿಯೂ ನೋಡಬಾರದು.

ವಯಸ್ಸಾದವರು, ಮಂಡಿನೋವಿನವರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಮೊದಲೇ ಬೇಕು. ನಡೆಯಲಾರದವರನ್ನು ಬೆನ್ನಿರುವ ಗಟ್ಟಿ ಮರದ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದಲೋ ಪಂಚೆಯಿಂದಲೋ ಸೊಂಟಕ್ಕೆ ಕಟ್ಟಿ, ಒಬ್ಬರು ಬೆನ್ನಿನ ಕಡೆ ಹಿಡಿದು ಹಿಂದಕ್ಕೆ ವಾಲಿಸಬೇಕು, ಇನ್ನೊಬ್ಬರು ಕುರ್ಚಿಯ ಮುಂಗಾಲುಗಳನ್ನು ಹಿಡಿಯಬೇಕು. ಇಳಿಯುವಾಗ ಕೂತವರ ಪಾದ ಕೆಳಗಿನ ಕಡೆಗಿರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಕಾಲು ಮುರಿಯುತ್ತದೆ. ಅಜ್ಜ ಅಜ್ಜಿಯರನ್ನೇ ಕೂರಿಸಿ ಅಭ್ಯಾಸ ಮಾಡುವುದೂ ಬೇಡ. ಕಟ್ಟಡದ ಹುಡುಗನೊಬ್ಬನನ್ನು ಕೂರಿಸಿ. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ತಿರುಗುತ್ತದೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುವುದು. ಅಜ್ಜಿಗೆ ಮಾತ್ರ ಇದನ್ನೆಲ್ಲ ಎದುರಿಗೆ ಕೂತು ನೋಡುವ ಅವಕಾಶ ಕೊಡಿ. ಯಾರು ಬಂದು ಎತ್ತುತ್ತಾರೆ ಎಂದು ಗೊತ್ತಿದ್ದವರು ಹೆದರಿ ಕೈಕಾಲು ಬಡಿಯುವುದಿಲ್ಲ.

ಎಲ್ಲರೂ ಸೇರುವ ಜಾಗ ಹೆದ್ದಾರಿಯ ಮೇಲಾಗಬಾರದು, ಕರೆಂಟ್ ತಂತಿಯ ಕೆಳಗಾಗಬಾರದು, ಫೈರ್ ಇಂಜಿನ್ ಬಂದು ನಿಲ್ಲುವ ಜಾಗವೂ ಆಗಬಾರದು. ಬೇಸಿಗೆಯಲ್ಲಿ ಇಷ್ಟು ಸಾಕು. ಜುಲೈನಲ್ಲಿ ಸಾಲದು. ಜಡಿಮಳೆಯಲ್ಲಿ ಬಯಲಲ್ಲಿ ನಿಲ್ಲಿ ಎಂದರೆ ಐದು ನಿಮಿಷದಲ್ಲಿ ಎಲ್ಲರೂ ಅದೇ ಕಟ್ಟಡದ ಸೂರಿನಡಿ ಬಂದು ನಿಂತಿರುತ್ತಾರೆ. ಎದುರು ಸಾಲಿನ ಯಾವುದಾದರೂ ಅಂಗಡಿಯ ಉದ್ದ ಜಗಲಿಯನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಅಲ್ಲಿ ಹೆಸರು ಕೂಗಿ ಎಣಿಸಬೇಕು. ಮನೆಯವರ ಪಟ್ಟಿ ಸುಲಭ. ಕಷ್ಟವಾಗುವುದು ಕ್ಲಿನಿಕ್ಕಿಗೆ ಬಂದ ರೋಗಿಗಳು, ಟೈಲರಿಂಗ್ ಕಲಿಯುವ ಹೆಣ್ಣುಮಕ್ಕಳು, ಹಿಂದಿನ ಗೋದಾಮಿನಲ್ಲಿ ಅಡಿಕೆ ಚೀಲ ಹೊರುವವರು. ಅವರ ಲೆಕ್ಕ ಆಯಾ ಜಾಗದ ಯಜಮಾನರ ಹೊಣೆ.

ಮೊದಲ ಡ್ರಿಲ್ ದಿನ, ಹೊತ್ತು ಎಲ್ಲ ತಿಳಿಸಿ ಮಾಡಿ. ಸಂತೆಯ ದಿನ ಬೇಡ. ಎರಡನೆಯದರಲ್ಲಿ ಒಂದು ತೊಡಕು ಸೇರಿಸಿ: ಮೊದಲ ಮಹಡಿಯ ತಿರುವಿನಲ್ಲಿ ಒಬ್ಬರು ಕೆಂಪು ಟವೆಲ್ ಹಿಡಿದು ನಿಂತು “ಇಲ್ಲಿ ಬೆಂಕಿ, ದಾರಿಯಿಲ್ಲ” ಎನ್ನಲಿ. ಡ್ರಿಲ್‌ನ ನಿಜವಾದ ಪ್ರಯೋಜನ ಶುರುವಾಗುವುದೇ ಇಲ್ಲಿ. ಎರಡನೇ ಮೆಟ್ಟಿಲಿದ್ದರೆ ಜನ ಅದನ್ನು ಹುಡುಕುತ್ತಾರೆ. ಇಲ್ಲದಿದ್ದರೆ ತಾರಸಿ ಸುರಕ್ಷಿತವೇ ಎಂಬುದು ಕಟ್ಟಡದ ಮೇಲೆ ನಿಂತಿದೆ. ಹೊಗೆಯೂ ಮೇಲಕ್ಕೇ ಏರುವುದರಿಂದ ಮೆಟ್ಟಿಲಲ್ಲಿ ಹೊಗೆ ತುಂಬಿದ ಮೇಲೆ ತಾರಸಿಗೆ ಹೊರಡುವುದು ಅಪಾಯ. ಆಗ ಉಳಿಯುವ ದಾರಿ ಇದು: ರಸ್ತೆ ಕಡೆಯ ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಒತ್ತಿ, ಕಿಟಕಿಯಿಂದ ಬಣ್ಣದ ಬಟ್ಟೆ ಬೀಸಿ ಕರೆಯುವುದು, ನಾವು ಇಲ್ಲಿದ್ದೇವೆ ಎಂದು ಕೆಳಗಿನವರಿಗೆ ಫೋನು ಮಾಡುವುದು. ಮುಚ್ಚಿದ ಬಾಗಿಲು ತೆಗೆಯುವ ಮೊದಲು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬಿಸಿಯಿದ್ದರೆ ತೆಗೆಯುವಂತಿಲ್ಲ. ಒಂದೇ ಮೆಟ್ಟಿಲಿನ ಕಟ್ಟಡದವರು ಇದನ್ನೂ ಮಾಡಿಯೇ ನೋಡಬೇಕು.

ಹಾಸ್ಟೆಲುಗಳ ಮಾತು ಬೇರೆ. ಅಲ್ಲಿ ಹಗಲಿನ ಡ್ರಿಲ್‌ನಿಂದ ಗೊತ್ತಾಗುವುದು ಕಡಿಮೆ. ಮಕ್ಕಳು ಒಟ್ಟಿಗೆ ಒಳಗಿರುವುದು ರಾತ್ರಿ, ಗೇಟಿಗೂ ವರಾಂಡದ ಗ್ರಿಲ್ಲಿಗೂ ಬೀಗ ಬೀಳುವುದೂ ರಾತ್ರಿಯೇ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಸತ್ತದ್ದು ಹಗಲಲ್ಲಿ, ಶಿಕ್ಷಕರು ಇದ್ದಾಗ. ರಾತ್ರಿಯ ಬೀಗದ ಕೀಲಿ ವಾರ್ಡನ್ ಒಬ್ಬರ ಸೊಂಟದಲ್ಲಿದ್ದು, ಅವರಿಗೇ ಎಚ್ಚರವಾಗದಿದ್ದರೆ ಏನು ಗತಿ ಎಂದು ಪಾಲಕರ ಸಭೆಯಲ್ಲಿ ಯಾರಾದರೂ ಕೇಳಲೇಬೇಕು. ಮಲಗಿ ಒಂದು ಗಂಟೆಯಾದ ಮೇಲೆ ಎಬ್ಬಿಸಿ, ದೀಪ ಹಾಕದೆ, ಹಾಸಿಗೆಯಿಂದ ಗೇಟಿನ ಹೊರಗಿನವರೆಗೆ ಎಷ್ಟು ನಿಮಿಷ ಬೇಕು ಎಂದು ನೋಡಿ. ಚಿಕ್ಕ ಮಕ್ಕಳಿಗೆ ಅಂದು ಡ್ರಿಲ್ ಇದೆ ಎಂದು ಮಲಗುವ ಮುಂಚೆ ಹೇಳಿಟ್ಟರೆ ಹೆದರುವುದಿಲ್ಲ.

ಕಲ್ಯಾಣ ಮಂಟಪದಲ್ಲಿ ಮದುವೆ ದಿನ ಡ್ರಿಲ್ ಮಾಡುತ್ತೇನೆ ಎಂದರೆ ಹೆಣ್ಣಿನ ಕಡೆಯವರು ನಿಮ್ಮನ್ನು ಮೊದಲು ಹೊರಗೆ ಹಾಕುತ್ತಾರೆ. ಅದಕ್ಕೆ ಆಷಾಢವಿದೆ. ಮಂಟಪಗಳು ಖಾಲಿ ಬೀಳುವ ಆ ತಿಂಗಳಲ್ಲಿ ಅಡುಗೆಯವರು, ಬಡಿಸುವವರು, ಚಪ್ಪರ ಮತ್ತು ಲೈಟಿಂಗ್‌ನವರು, ವಾಚ್‌ಮನ್ ಎಲ್ಲರನ್ನೂ ಕರೆದು ಒಂದು ದಿನ ಅಭ್ಯಾಸ ಮಾಡಿಸಬಹುದು. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮದುವೆ ಮಂಟಪದಲ್ಲಿ ಗರಿಯ ಚಪ್ಪರಕ್ಕೆ ಬೆಂಕಿ ತಗಲಿ ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸತ್ತರು. ಮಂಟಪದವರು ಕಲಿಯಬೇಕಾದ್ದು ಮುಖ್ಯವಾಗಿ ಎರಡು. ಊಟದ ಹಾಲಿನ ಪಕ್ಕದ ಬಾಗಿಲುಗಳಿಗೆ ಸಮಾರಂಭ ಮುಗಿಯುವತನಕ ಬೀಗ ಬೀಳದಂತೆ, ಅಡ್ಡಲಾಗಿ ಕುರ್ಚಿ ಪೇರಿಸದಂತೆ ಬಾಗಿಲಿಗೊಬ್ಬರು ನೋಡಿಕೊಳ್ಳುವುದು. ಅಡುಗೆಮನೆಯಲ್ಲಿ ಸಾಲಾಗಿ ನಿಂತ ಸಿಲಿಂಡರುಗಳನ್ನು ಯಾರು, ಯಾವ ಕ್ರಮದಲ್ಲಿ ಬಂದ್ ಮಾಡುತ್ತಾರೆ ಎಂದು ಗೊತ್ತುಮಾಡುವುದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬಾರದು, ಒಲೆ ಆರಿಸಿ ದೊಡ್ಡ ತಟ್ಟೆ ಮುಚ್ಚಬೇಕು. ಹಪ್ಪಳ ಕರಿಯುವ ಭಟ್ಟರಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ. ಅವರ ಜತೆಗೆ ಆ ದಿನ ಹೊಸದಾಗಿ ಬಂದ ಹುಡುಗನಿಗೆ ಹೇಳಬೇಕು.

ಗೋಡೆಗೆ ನೇತುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಬಗ್ಗೆ ಎರಡೇ ಮಾತು. ಮುಳ್ಳು ಹಸಿರು ಗೆರೆಯಲ್ಲಿದೆಯೇ, ತಪಾಸಣೆಯ ದಿನಾಂಕ ದಾಟಿದೆಯೇ ನೋಡಿ. ಬೆಂಕಿ ಕಸದ ಬುಟ್ಟಿಯಷ್ಟಿದ್ದು, ಹೊರಗಿನ ದಾರಿ ನಿಮ್ಮ ಬೆನ್ನ ಹಿಂದಿದ್ದರೆ ಮಾತ್ರ ಬಳಸಿ. ಸಣ್ಣದು ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ.

ಎಷ್ಟು ಸಲ ಮಾಡಬೇಕು ಎನ್ನುವುದಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ಅಳತೆ ಇದೆ. ಎತ್ತರದ ಕಟ್ಟಡಗಳಲ್ಲಿ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ನಮ್ಮ ಮೂರು ಅಂತಸ್ತಿಗೆ ಅದು ನೇರವಾಗಿ ಹೇಳಿದ್ದಲ್ಲ, ಸಾಲ ತಂದುಕೊಳ್ಳಲು ಅಡ್ಡಿಯಿಲ್ಲ. ಮೂರು ತಿಂಗಳಿಗೊಮ್ಮೆ ಎಂದರೆ ಅತಿಯಾಯಿತು ಅನ್ನಿಸುವವರಿಗೆ ನ್ಯೂಯಾರ್ಕಿನ ಒಂದು ಉದಾಹರಣೆ. 1993ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಬಾಂಬ್ ಸಿಡಿದಾಗ ಜನ ಹೊಗೆ ತುಂಬಿದ ಕತ್ತಲ ಮೆಟ್ಟಿಲಲ್ಲಿ ಗಂಟೆಗಟ್ಟಲೆ ಇಳಿಯಬೇಕಾಯಿತು. ಅದಾದ ಮೇಲೆ ಅಲ್ಲಿನ ಮಾರ್ಗನ್ ಸ್ಟ್ಯಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥ ರಿಕ್ ರೆಸ್ಕೋರ್ಲಾ, ಮೇಲಧಿಕಾರಿಗಳು ಗೊಣಗಿದರೂ ಬಿಡದೆ, ಮೂರು ತಿಂಗಳಿಗೊಮ್ಮೆ ಎಲ್ಲರನ್ನೂ ಮೆಟ್ಟಿಲು ಇಳಿಸಿದರು. 2001ರ ಸೆಪ್ಟೆಂಬರ್ 11ರ ದಾಳಿಯ ದಿನ ಆ ಕಂಪನಿಯ ಸುಮಾರು 2,700 ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಳಿದು ಬದುಕಿದರು. ಉಳಿದವರನ್ನು ಹುಡುಕಲು ಮತ್ತೆ ಮೇಲೆ ಹೋದ ರೆಸ್ಕೋರ್ಲಾ ತಿರುಗಿ ಬರಲಿಲ್ಲ.

ನಮಗೆ ವರ್ಷಕ್ಕೆ ಎರಡಾದರೂ ಇರಲಿ: ಅಡಿಕೆ ಕೊಯ್ಲು ಮುಗಿದು ಎಲ್ಲ ಒಣಗಿ ನಿಂತ ಫೆಬ್ರುವರಿ ಮಾರ್ಚಿನಲ್ಲಿ ಒಂದು, ಜಡಿಮಳೆಯಲ್ಲಿ ಒಂದು. ಪ್ರತಿ ಸಲವೂ ಜಾಗಟೆ ಬಾರಿಸಿದ ಹೊತ್ತು, ಕೊನೆಯವರು ಜಗಲಿ ಮುಟ್ಟಿದ ಹೊತ್ತು ಬರೆದುಕೊಳ್ಳಿ. ಅದರ ಕೆಳಗೆ ಅಂದು ಕೆಟ್ಟದ್ದೇನು ಎಂದು ಬರೆಯಿರಿ: ತಾರಸಿ ಕೀಲಿ ಸಿಗಲಿಲ್ಲ, ಎರಡನೇ ಮಹಡಿಗೆ ಸದ್ದು ಕೇಳಲಿಲ್ಲ, ಕುರ್ಚಿ ತಿರುಗಲಿಲ್ಲ. ಒಂದೊಂದರ ಎದುರಿಗೂ ಸರಿಮಾಡುವವರ ಹೆಸರು, ತಾರೀಖು. ಅಂಗಡಿಯ ಉದ್ರಿ ಪುಸ್ತಕದ ಪಕ್ಕದಲ್ಲೇ ಈ ನೋಟ್‌ಬುಕ್ಕೂ ಇರಲಿ. ಮೇಲಿನ ಮನೆಗೆ ಹೊಸ ಬಾಡಿಗೆಯವರು ಸಾಮಾನು ಇಳಿಸಿದ ದಿನವೇ ಅವರ ಹೆಸರು, ಮನೆಯಲ್ಲಿ ಎಷ್ಟು ಜನ, ರಾತ್ರಿ ಪಾಳಿಗೆ ಹೋಗುವವರು ಯಾರು ಎಂದು ಕೇಳಿ ಅದಕ್ಕೆ ಸೇರಿಸಿ, ತಾರಸಿಯ ಕೀಲಿ ತೂಗುವ ಮೊಳೆ ತೋರಿಸಿ ಬನ್ನಿ.